ಚಕ್ರ ನಿಂತರೂ ಸೈಕಲ್ ನಿಲ್ಲದಿದ್ದರೆ: ಬ್ರೇಕ್, ಟೈರ್ ಬದಲಿಸುವ ಮುನ್ನ ದೋಷ ಹುಡುಕುವ ಬಗೆ

ಮಳೆ ಹಿಡಿಯಿತೆಂದರೆ ಕೊಡಗಿನಲ್ಲಿ ಮೌಂಟನ್ ಬೈಕ್ ಓಡಿಸುವವರ ದೂರು ಒಂದೇ: ಬ್ರೇಕ್ ಹಿಡಿಯುತ್ತಿಲ್ಲ. ಅಂಗಡಿಯವರು ಹೊಸ ಪ್ಯಾಡ್ ಹಾಕಿ ಕೊಡುತ್ತಾರೆ, ಹಣ ಎಣಿಸಿಕೊಳ್ಳುತ್ತಾರೆ. ಮುಂದಿನ ಭಾನುವಾರ ಅದೇ ತೋಟದ ರಸ್ತೆ, ಅದೇ ತಿರುವು, ಸೈಕಲ್ ಮತ್ತೆ ಚರಂಡಿಯ ಕಡೆಗೆ. ಪ್ಯಾಡ್ ಹೊಸದೇ, ದೋಷ ಮಾತ್ರ ಅಲ್ಲಿರಲಿಲ್ಲ.

ಬ್ರೇಕ್ ನಿಲ್ಲಿಸುವುದು ಚಕ್ರವನ್ನು ಮಾತ್ರ. ಸೈಕಲನ್ನೂ ಅದರ ಮೇಲೆ ಕುಳಿತವರನ್ನೂ ನಿಲ್ಲಿಸುವುದು ಟೈರಿಗೂ ನೆಲಕ್ಕೂ ಇರುವ ಹಿಡಿತ. ಆದ್ದರಿಂದ ಯಾವ ಬಿಡಿಭಾಗಕ್ಕೂ ಕೈ ಹಾಕುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಬೇಕು: ಲಿವರ್ ಒತ್ತಿದಾಗ ಚಕ್ರ ನಿಂತಿತೇ, ಇಲ್ಲವೇ? ಚಕ್ರ ನಿಂತು ಸೈಕಲ್ ಜಾರಿದರೆ ಟೈರಿನ ಕಡೆ ನೋಡಿ. ಲಿವರ್ ಪೂರ್ತಿ ಒತ್ತಿದರೂ ಚಕ್ರ ಉರುಳುತ್ತಲೇ ಇದ್ದರೆ ಬ್ರೇಕಿನ ಕಡೆ ನೋಡಿ. ಬಿದ್ದವರನ್ನು ಕೇಳಿದರೆ ಹತ್ತರಲ್ಲಿ ಒಂಬತ್ತು ಜನರಿಗೆ ಇದು ನೆನಪಿರುವುದಿಲ್ಲ. ಅದಕ್ಕೇ ಪರೀಕ್ಷೆ ಮಾಡಬೇಕು.

ಕಣದಲ್ಲಿ ಪರೀಕ್ಷೆ

ಕಾಫಿ ಒಣಗಿಸುವ ಸಿಮೆಂಟಿನ ಕಣ ಖಾಲಿ ಇದ್ದರೆ ಇದಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಮೊದಲು ಚಕ್ರಗಳನ್ನು ಎತ್ತಿ ತಿರುಗಿಸಿ, ಯಾವ ಲಿವರ್ ಯಾವ ಚಕ್ರದ್ದು ಎಂದು ಖಾತ್ರಿ ಮಾಡಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಸೈಕಲ್ ಕೊಂಡವರಂತೂ ಇದನ್ನು ಬಿಡಬಾರದು; ಎಡಬಲ ಅದಲುಬದಲಾಗಿರುವುದುಂಟು.

ಒಣ ಕಣದಲ್ಲಿ ಸಾಧಾರಣ ವೇಗಕ್ಕೆ ಬಂದು, ಸೊಂಟವನ್ನು ಸೀಟಿನ ಹಿಂದಕ್ಕೆ ಸರಿಸಿ, ಮುಂದಿನ ಬ್ರೇಕನ್ನು ಮಾತ್ರ ನಿಧಾನವಾಗಿ ಒತ್ತುತ್ತಾ ಹೋಗಿ. ಹಿಂದಿನ ಚಕ್ರ ಹಗುರವಾಗುತ್ತಿರುವುದು ಅನುಭವಕ್ಕೆ ಬಂದರೆ ಮುಂದಿನ ಬ್ರೇಕಿಗೆ ಶಕ್ತಿ ಇದೆ ಎಂದರ್ಥ. ಅಲ್ಲಿಗೆ ಕೈ ಸಡಿಲಿಸಿ. ನಂತರ ಹಿಂದಿನದನ್ನು ಮಾತ್ರ ಒತ್ತಿ. ಒಣ ಸಿಮೆಂಟಿನ ಮೇಲೂ ಹಿಂದಿನ ಚಕ್ರ ಲಾಕ್ ಆಗಿ ಉಜ್ಜಿಕೊಂಡು ಹೋಗುವುದು ದೋಷವಲ್ಲ. ಬ್ರೇಕ್ ಹಾಕಿದೊಡನೆ ಭಾರ ಮುಂದಿನ ಚಕ್ರಕ್ಕೆ ವಾಲುತ್ತದೆ, ಹಿಂದಿನ ಟೈರಿನ ಮೇಲೆ ಒತ್ತಡ ಉಳಿಯುವುದಿಲ್ಲ. ಬದಲಿಗೆ, ಎಷ್ಟು ಒತ್ತಿದರೂ ಹಿಂದಿನ ಚಕ್ರ ಲಾಕ್ ಆಗುವುದೇ ಇಲ್ಲ ಎಂದರೆ ಆ ಬ್ರೇಕ್ ಸೋತಿದೆ.

ಇನ್ನು ಅದೇ ವೇಗದಲ್ಲಿ ತೋಟದ ಕೆಂಪು ಮಣ್ಣಿನ ರಸ್ತೆಗೆ ಇಳಿಯಿರಿ. ಒಂದು ಬೆರಳಿನ ಒತ್ತಡಕ್ಕೇ ಚಕ್ರ ನಿಂತು ಸೈಕಲ್ ತೇಲಿಕೊಂಡು ಹೋದರೆ ಹೊಸ ಬ್ರೇಕ್ ಹಾಕಿಸಿ ಪ್ರಯೋಜನವಿಲ್ಲ. ಅದು ಇನ್ನೂ ಬೇಗ ಚಕ್ರವನ್ನು ನಿಲ್ಲಿಸುತ್ತದೆ, ನೀವು ಇನ್ನೂ ಬೇಗ ಜಾರುತ್ತೀರಿ. ಅಂಥವರು ನೇರವಾಗಿ ಟೈರಿನ ಭಾಗಕ್ಕೆ ಹೋಗಬಹುದು.

ಲಿವರ್ ಹ್ಯಾಂಡಲಿಗೆ ತಾಗುತ್ತಿದ್ದರೆ

ಕೇಬಲ್ ಬ್ರೇಕುಗಳಲ್ಲಿ ಮೊದಲ ಆರೋಪಿ ಪ್ಯಾಡ್ ಅಲ್ಲ, ಕೇಬಲ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಯರಿನ ಹೊರಕವಚವಾದ ಔಟರಿನೊಳಗೆ ನೀರು ಇಳಿಯುತ್ತದೆ, ಅದರ ಹಿಂದೆ ನುಣುಪಾದ ಕೆಸರು ಹೋಗುತ್ತದೆ, ಒಳಗಿನ ವಯರು ತುಕ್ಕು ಹಿಡಿಯುತ್ತದೆ. ಬ್ರೇಕಿನ ಬಳಿ ಕೇಬಲನ್ನು ಬಿಚ್ಚಿ, ವಯರನ್ನು ಕೈಯಿಂದ ಹಿಂದೆ ಮುಂದೆ ಎಳೆದು ನೋಡಿ. ಸಲೀಸಾಗಿ ಜಾರದೆ ಕರಕರ ಎಂದರೆ ಒಳಗಿನ ವಯರು, ಹೊರಗಿನ ಔಟರ್ ಎರಡನ್ನೂ ಒಟ್ಟಿಗೆ ಬದಲಿಸಿ. ವಯರು ಮಾತ್ರ ಬದಲಿಸಿದರೆ ಹಳೆಯ ಔಟರಿನ ತುಕ್ಕು ಹೊಸದನ್ನೂ ಬೇಗ ಕೆಡಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಗೇರಿನ ಔಟರನ್ನು ಬ್ರೇಕಿಗೆ ಹಾಕಬೇಡಿ. ನೋಡಲು ಎರಡೂ ಒಂದೇ ತರಹ ಇರುತ್ತವೆ, ಒಳಗಿನ ಕಟ್ಟು ಬೇರೆ. ಬ್ರೇಕಿನ ಔಟರಿನಲ್ಲಿ ಉಕ್ಕಿನ ಪಟ್ಟಿ ಸುರುಳಿಯಾಗಿ ಸುತ್ತಿರುತ್ತದೆ. ಗೇರಿನದರಲ್ಲಿ ತೆಳು ತಂತಿಗಳು ಉದ್ದಕ್ಕೆ ಇರುತ್ತವೆ, ಜೋರಾಗಿ ಬ್ರೇಕ್ ಹಾಕಿದಾಗ ಅವು ಸಿಡಿದು ಹೊರಬರಬಹುದು. ಒಳವಯರಿನ ದಪ್ಪವೂ ಬೇರೆ: ಬ್ರೇಕಿನದು 1.5 ಅಥವಾ 1.6 ಮಿ.ಮೀ., ಗೇರಿನದು 1.1 ಅಥವಾ 1.2 ಮಿ.ಮೀ. ಮೌಂಟನ್ ಬೈಕಿನ ಲಿವರಿಗೆ ಬೇಕಾದ ಬ್ರೇಕ್ ವಯರಿನ ತುದಿಯ ಗುಂಡು ಸಣ್ಣ ಪೀಪಾಯಿಯ ಆಕಾರದ್ದು. ಬೇರೆ ಆಕಾರದ ತುದಿಯನ್ನು ಉಜ್ಜಿ ತೂರಿಸುವ ಅಂಗಡಿಗಳಿವೆ; ಒಪ್ಪಬೇಡಿ.

ವಿ-ಬ್ರೇಕ್ (ರಿಮ್ಮನ್ನು ಎರಡೂ ಬದಿಯಿಂದ ರಬ್ಬರ್ ಶೂಗಳು ಒತ್ತುವ ಬಗೆ) ಇದ್ದರೆ ಶೂಗಳ ಮೇಲಿನ ಗೀರುಗಳನ್ನು ನೋಡಿ. ಗೀರು ಮಾಯವಾಗಿದ್ದರೆ ಶೂ ಮುಗಿದಿದೆ. ಅಷ್ಟಕ್ಕೇ ನಿಲ್ಲಿಸದೆ ರಿಮ್ಮನ್ನೂ ನೋಡಿ. ನಮ್ಮ ಕೆಸರಿನಲ್ಲಿರುವ ಮರಳು ಶೂವಿಗೂ ರಿಮ್ಮಿಗೂ ನಡುವೆ ಸೇರಿ ಅಲ್ಯೂಮಿನಿಯಮನ್ನು ತಿನ್ನುತ್ತದೆ. ರಿಮ್ಮಿನ ಪಕ್ಕಕ್ಕೆ ಸ್ಕೇಲನ್ನು ನೆಟ್ಟಗೆ ಹಿಡಿಯಿರಿ. ಸ್ಕೇಲಿನ ನಡುವೆ ಬೆಳಕು ಕಂಡರೆ ಗೋಡೆ ಒಳಗೆ ಬಾಗಿದೆ, ತೆಳುವಾಗಿದೆ. ಅಂಥ ರಿಮ್ ಟೈರಿನ ಗಾಳಿಯ ಒತ್ತಡಕ್ಕೇ ಒಂದು ದಿನ ಸೀಳಿಕೊಳ್ಳಬಹುದು. ಆಗ ಬದಲಿಸಬೇಕಾದದ್ದು ರಿಮ್, ಶೂ ಆಮೇಲಿನ ಮಾತು.

ಚಕ್ರಕ್ಕೆ ಕೂರಿಸಿದ ಉಕ್ಕಿನ ತಟ್ಟೆಯನ್ನು (ರೋಟರ್) ಪ್ಯಾಡುಗಳಿಂದ ಹಿಡಿಯುವ ಕೇಬಲ್ ಡಿಸ್ಕ್ ಬ್ರೇಕ್ ಈಗ ಕಡಿಮೆ ಬೆಲೆಯ ಸೈಕಲ್‌ಗಳಲ್ಲೂ ಬರುತ್ತದೆ. ಸುಮ್ಮನೆ ಬೈಸಿಕೊಳ್ಳುವುದರಲ್ಲಿ ಇದಕ್ಕೇ ಮೊದಲ ಸ್ಥಾನ. ಇವುಗಳಲ್ಲಿ ಬಹುಪಾಲಿನವು ಒಂದೇ ಬದಿಯ ಪ್ಯಾಡನ್ನು ಚಲಿಸುತ್ತವೆ. ಸ್ಪೋಕಿನ ಕಡೆಯ ಪ್ಯಾಡ್ ಸ್ಥಿರ. ಚಲಿಸುವ ಪ್ಯಾಡ್ ರೋಟರನ್ನು ತಳ್ಳಿ, ಬಾಗಿಸಿ, ಆಚೆಯ ಪ್ಯಾಡಿಗೆ ಒತ್ತಬೇಕು. ಸ್ಥಿರ ಪ್ಯಾಡ್ ಸವೆದು ದೂರ ಸರಿದರೆ ಲಿವರಿನ ಶ್ರಮವೆಲ್ಲ ರೋಟರನ್ನು ಬಾಗಿಸುವುದರಲ್ಲೇ ಮುಗಿಯುತ್ತದೆ. ಒಳಬದಿಯಲ್ಲಿ ಅಲೆನ್ ಕೀ ಕೂರುವ ಸ್ಕ್ರೂ ಅಥವಾ ತಿರುಗಿಸುವ ಗುಂಡಿ ಇರುತ್ತದೆ. ಅದನ್ನು ತಿರುಗಿಸಿ ಸ್ಥಿರ ಪ್ಯಾಡನ್ನು ರೋಟರಿಗೆ ತಾಗುವಷ್ಟು ತಂದು, ಉಜ್ಜದಷ್ಟು ಮಾತ್ರ ಹಿಂದೆ ಸರಿಸಿ. ಹೆಚ್ಚಿನವರು ಈ ಸ್ಕ್ರೂವನ್ನು ಮುಟ್ಟಿರುವುದೇ ಇಲ್ಲ. ಸವೆತವನ್ನೆಲ್ಲ ಕೇಬಲ್ ಬಿಗಿ ಮಾಡಿಯೇ ಸರಿದೂಗಿಸುತ್ತಾರೆ. ಹಾಗೆ ಮಾಡಿದರೆ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರಿನ ತೋಳು ಅರ್ಧ ದಾರಿಯಿಂದಲೇ ಚಲನೆ ಶುರು ಮಾಡಿ, ಒತ್ತುವ ಬಲ ಕಡಿಮೆಯಾಗುತ್ತದೆ. ಹೊಸ ಬ್ರೇಕ್ ಕೊಳ್ಳಲು ಹೊರಟವರು ಈ ಸ್ಕ್ರೂ ತಿರುಗಿಸಿ ಒಂದು ವಾರ ಓಡಿಸಿ ನೋಡಲಿ.

ಕೇಬಲಿನ ಬದಲು ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಬ್ರೇಕಿನಲ್ಲಿ ಲಿವರನ್ನು ಬೇಗಬೇಗ ಹಲವು ಬಾರಿ ಒತ್ತಿ. ಒತ್ತುತ್ತಾ ಗಟ್ಟಿಯಾದರೆ ಒಳಗೆ ಗಾಳಿ ಇದೆ, ಇಲ್ಲವೇ ಪ್ಯಾಡ್ ತೀರ ಸವೆದಿದೆ. ಒತ್ತಿ ಹಿಡಿದಾಗ ನಿಧಾನವಾಗಿ ಕುಸಿಯುತ್ತಾ ಹೋದರೆ ಸೋರಿಕೆ. ಲಿವರ್, ಹೋಸ್, ಕ್ಯಾಲಿಪರುಗಳ ಸುತ್ತ ತೇವ ಹುಡುಕಿ, ಸರಿಪಡಿಸುವವರೆಗೆ ಸೈಕಲ್ ಹತ್ತಬೇಡಿ. ಜೀಪಿನ ಮೇಲೆ ತಲೆಕೆಳಗಾಗಿ ಕಟ್ಟಿ ತಂದ ಸೈಕಲಿನ ಲಿವರ್ ಇದ್ದಕ್ಕಿದ್ದಂತೆ ಮೆತ್ತಗಾಗುವುದಕ್ಕೂ ಗಾಳಿಯೇ ಕಾರಣ: ಲಿವರಿನ ಬಳಿಯ ಪುಟ್ಟ ತೊಟ್ಟಿಯಲ್ಲಿದ್ದ ಗುಳ್ಳೆ ಕೊಳವೆಗೆ ಇಳಿದಿರುತ್ತದೆ. ಸೈಕಲನ್ನು ನೇರ ನಿಲ್ಲಿಸಿ ಲಿವರ್ ಒತ್ತುತ್ತಿದ್ದರೆ ಕೆಲವೊಮ್ಮೆ ಸರಿಹೋಗುತ್ತದೆ. ಹೋಗದಿದ್ದರೆ ಬ್ಲೀಡ್ ಮಾಡಿಸಬೇಕು, ಅಂದರೆ ಒಳಗಿನ ಗಾಳಿಯನ್ನು ಹೊರತೆಗೆಸಬೇಕು.

ಲಿವರ್ ಗಟ್ಟಿ, ಹಿಡಿತ ಇಲ್ಲ, ಕಿರುಚಾಟ ಬೇರೆ

ಇದು ಜಿಡ್ಡಿನ ಲಕ್ಷಣ. ಚೈನಿಗೆ ಸ್ಪ್ರೇ ಹೊಡೆಯುವಾಗ ಹಿಂದಿನ ರೋಟರಿಗೂ ಸಿಂಪಡಣೆಯಾಗಿರುತ್ತದೆ. ಜೀಪು ತೊಳೆಯುವಲ್ಲಿ ಸೈಕಲನ್ನೂ ತೊಳೆಸಿ, ಮೇಲೆ ಡೀಸೆಲ್ ಹೊಡೆಸಿಕೊಂಡು ಬರುವವರಿದ್ದಾರೆ. ಫ್ರೇಮ್ ಹೊಳೆಯುತ್ತದೆ, ಬ್ರೇಕ್ ಸಾಯುತ್ತದೆ. ರೋಟರನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿದ ಶುಭ್ರ ಬಟ್ಟೆಯಿಂದ ಒರೆಸಿ. ಪ್ಯಾಡಿನ ಮೇಲ್ಮೈ ಗಾಜಿನಂತೆ ಹೊಳೆಯುತ್ತಿದ್ದರೆ ಮರಳು ಕಾಗದದಿಂದ ಹಗುರವಾಗಿ ಉಜ್ಜಿ. ಎಣ್ಣೆ ಒಳಗೇ ಇಳಿದ ಪ್ಯಾಡನ್ನು ಗ್ಯಾಸ್ ಒಲೆಯ ಮೇಲೆ ಸುಡುವ ಉಪಾಯ ಹಲವರ ಬಾಯಲ್ಲಿದೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಪ್ಯಾಡನ್ನು ತಗಡಿಗೆ ಹಿಡಿದಿಟ್ಟ ಅಂಟು ಶಾಖಕ್ಕೆ ಸಡಿಲವಾದರೆ ಗೊತ್ತಾಗುವುದು ಇಳಿಜಾರಿನಲ್ಲೇ. ಎಸೆಯಿರಿ.

ಮಳೆಯಲ್ಲಿ ಒದ್ದೆಯಾದಾಗ ಮಾತ್ರ ಕಿರುಚಿ, ಒಣಗಿದ ಮೇಲೆ ಸುಮ್ಮನಾಗುವ ಬ್ರೇಕಿಗೆ ಏನೂ ಮಾಡಬೇಕಾಗಿಲ್ಲ. ತಿತಿಮತಿಯ ಕಡೆ ಓಡಾಡುವವರೊಬ್ಬರು, ಆ ಸದ್ದು ಇರಲಿ, ಆನೆಗೆ ಮೊದಲೇ ತಿಳಿಯಲಿ ಎನ್ನುತ್ತಾರೆ. ವಾದಿಸಲು ನನ್ನಲ್ಲಿ ಕಾರಣವಿಲ್ಲ.

ಇಳಿಯುತ್ತಾ ಇಳಿಯುತ್ತಾ ಸೋತರೆ

ತಲಕಾವೇರಿಯಿಂದ ಭಾಗಮಂಡಲಕ್ಕೆ 8 ಕಿ.ಮೀ. ಇಳಿಜಾರು. ಮೇಲೆ ಚೆನ್ನಾಗಿದ್ದ ಲಿವರ್ ಕೆಳಗೆ ಬರುವಷ್ಟರಲ್ಲಿ ಮೆತ್ತಗಾಗಿ, ಭಾಗಮಂಡಲದಲ್ಲಿ ಕಾಫಿ ಕುಡಿದು ಬರುವಷ್ಟರಲ್ಲಿ ಮತ್ತೆ ಸರಿಯಾದರೆ, ಅದು ಶಾಖ. ಲೆಕ್ಕ ಹಾಕಿ ನೋಡಿ: ಸವಾರ, ಸೈಕಲ್ ಸೇರಿ 100 ಕೆ.ಜಿ. ತೂಕ 100 ಮೀಟರ್ ಎತ್ತರ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 98 ಕಿಲೋಜೂಲ್. ಸುಮಾರು 300 ಮಿ.ಲೀ. ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಇಷ್ಟು ಸಾಕು. ಒಂದು ಪಾಲು ಗಾಳಿಗೆ ಹೋಗುತ್ತದೆ, ಉಳಿದದ್ದನ್ನು ನುಂಗಬೇಕಾದದ್ದು ಅಂಗೈ ಅಗಲದ ತೆಳು ಉಕ್ಕಿನ ತಟ್ಟೆ. ನಿಧಾನವಾಗಿ ಬ್ರೇಕ್ ಹಿಡಿದೇ ಇಳಿಯುವವರಿಗೆ ಗಾಳಿಯ ನೆರವು ಕಡಿಮೆ, ಬ್ರೇಕಿನ ಪಾಲು ಹೆಚ್ಚು.

ಮೊದಲ ಔಷಧಿ ಖರ್ಚಿಲ್ಲದ್ದು: ತಿರುವಿಗೆ ಮುಂಚೆ ಎರಡೂ ಬ್ರೇಕನ್ನು ಗಟ್ಟಿಯಾಗಿ ಹಾಕಿ ವೇಗ ಇಳಿಸಿ, ನಂತರ ಪೂರ್ತಿ ಬಿಡಿ. ಹಾಗೆ ಮಾಡಿಯೂ ಸೋತರೆ ರೋಟರಿನ ಅಳತೆ ಹೆಚ್ಚಿಸುವುದು ಎರಡನೆಯದು. ಮುಂದೆ 160 ಮಿ.ಮೀ. ಇದ್ದರೆ 180ಕ್ಕೆ ಹೋಗಿ. ಕ್ಯಾಲಿಪರನ್ನು ಎತ್ತರಿಸುವ ಅಡಾಪ್ಟರ್ ಬೇಕಾಗುತ್ತದೆ. ಫೋರ್ಕ್ ಎಷ್ಟು ದೊಡ್ಡ ರೋಟರಿಗೆ ಒಪ್ಪಿಗೆ ಕೊಟ್ಟಿದೆ ಎಂಬುದನ್ನೂ ಮೊದಲೇ ನೋಡಿಕೊಳ್ಳಿ. ಹೈಡ್ರಾಲಿಕ್ ಎಣ್ಣೆ ಹಳೆಯದಾಗಿದ್ದರೆ ಬದಲಿಸಿ. ಅದರಲ್ಲೂ ಡಾಟ್ ಎಣ್ಣೆ (ಮೋಟಾರ್ ಸೈಕಲ್ ಬ್ರೇಕಿಗೂ ಹಾಕುವ ಬಗೆಯದು) ಗಾಳಿಯ ತೇವವನ್ನು ಹೀರುತ್ತದೆ, ಹೀರಿದಷ್ಟೂ ಬೇಗ ಕುದಿಯುತ್ತದೆ. ಕೊಡಗಿನ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ.

ಬ್ರೇಕ್ ಕೊಳ್ಳುವಾಗ

ದೋಷ ಬ್ರೇಕಿನದೇ ಎಂದು ಖಚಿತವಾದ ಮೇಲೆ, ಏನು ಹೊಂದುತ್ತದೆ ಎಂದು ನೋಡಿ. ವಿ-ಬ್ರೇಕ್ ಸೈಕಲಿಗೆ ಡಿಸ್ಕ್ ಹಾಕಿಸಬೇಕೆಂಬ ಆಸೆ ಸಾಮಾನ್ಯ. ಫ್ರೇಮ್ ಮತ್ತು ಫೋರ್ಕಿನಲ್ಲಿ ಕ್ಯಾಲಿಪರ್ ಕೂರುವ ಕಿವಿಗಳಿಲ್ಲದಿದ್ದರೆ, ಚಕ್ರದ ನಡುವಿನ ಹಬ್ಬಿನಲ್ಲಿ ರೋಟರಿಗೆ ಜಾಗವಿಲ್ಲದಿದ್ದರೆ ಆ ಆಸೆಯನ್ನು ಬಿಡಿ. ವೆಲ್ಡಿಂಗ್ ಮಾಡಿಸುವ ಸಾಹಸವಂತೂ ಬೇಡ. ಒಳ್ಳೆಯ ಶೂ ಮತ್ತು ಹೊಸ ಕೇಬಲ್ ಹಾಕಿದ ವಿ-ಬ್ರೇಕ್ ಬೇಸಿಗೆಯಲ್ಲಿ ಯಾವ ಅಗ್ಗದ ಡಿಸ್ಕಿಗೂ ಕಡಿಮೆಯಲ್ಲ. ಮಳೆಯಲ್ಲಿ ಸೋಲುತ್ತದೆ, ಒಪ್ಪುತ್ತೇನೆ.

ಡಿಸ್ಕ್ ಕ್ಯಾಲಿಪರ್ ಕೂರುವ ರೀತಿ ಮೌಂಟನ್ ಬೈಕುಗಳಲ್ಲಿ ಮುಖ್ಯವಾಗಿ ಎರಡು. ಬೋಲ್ಟುಗಳು ಚಕ್ರಕ್ಕೆ ಅಡ್ಡವಾಗಿ, 51 ಮಿ.ಮೀ. ಅಂತರದಲ್ಲಿದ್ದರೆ ಐಎಸ್, ಚಕ್ರದ ಸಮತಲದಲ್ಲೇ, 74 ಮಿ.ಮೀ. ಅಂತರದಲ್ಲಿದ್ದರೆ ಪೋಸ್ಟ್ ಮೌಂಟ್. ರೋಟರ್ ಆರು ಬೋಲ್ಟಿನದೋ, ನಡುವೆ ಒಂದೇ ಬಳೆಯಿಂದ ಬಿಗಿಯುವ ಸೆಂಟರ್ ಲಾಕೋ ನೋಡಿಕೊಳ್ಳಿ. ಕೇಬಲ್ ಡಿಸ್ಕಿನಲ್ಲಿ ಲಿವರ್ ಎಳೆಯುವ ಉದ್ದವೂ ಹೊಂದಬೇಕು: ವಿ-ಬ್ರೇಕ್ ಲಿವರಿಗೆ ಮೌಂಟನ್ ಬೈಕಿನ ಕ್ಯಾಲಿಪರ್ ಸರಿ, ರೋಡ್ ಬೈಕಿನದು ಸರಿಹೋಗುವುದಿಲ್ಲ. ಅನುಮಾನವಿದ್ದರೆ ಕ್ಯಾಲಿಪರಿನ ಫೋಟೊ ತೆಗೆದು ಮೈಸೂರಿನ ಅಂಗಡಿಗೆ ಕಳುಹಿಸಿ, ಆಮೇಲೆ ಹಣ ಕಳುಹಿಸಿ.

ಪ್ಯಾಡಿನ ವಿಷಯದಲ್ಲಿ ನನ್ನ ಪಕ್ಷಪಾತ ಸ್ಪಷ್ಟ. ಮಡಿಕೇರಿ, ನಾಪೋಕ್ಲು, ಭಾಗಮಂಡಲದ ಕಡೆ ಮಳೆಗಾಲದಲ್ಲೂ ಓಡಿಸುವವರಿಗೆ ಸಿಂಟರ್ಡ್ ಲೋಹದ ಪ್ಯಾಡ್. ರಾಳ ಬೆರೆಸಿ ಮಾಡಿದ ರೆಸಿನ್ ಪ್ಯಾಡ್ ಸದ್ದಿಲ್ಲದೆ, ಮೊದಲ ಸ್ಪರ್ಶಕ್ಕೇ ಚೆನ್ನಾಗಿ ಹಿಡಿಯುತ್ತದೆ, ಆದರೆ ಮರಳು ಬೆರೆತ ಕೆಸರಿನಲ್ಲಿ ಬೇಗ ಕರಗುತ್ತದೆ. ಕುಶಾಲನಗರದ ಕಡೆಯ ಒಣ ಸೀಮೆಯಲ್ಲಿ ರೆಸಿನ್ ಸಾಕು. ಕೊಳ್ಳುವ ಮುನ್ನ ರೋಟರಿನ ಮೇಲಿನ ಅಚ್ಚನ್ನು ಓದಿ. ರೆಸಿನ್ ಪ್ಯಾಡಿಗೆ ಮಾತ್ರ ಎಂದು ಬರೆದಿದ್ದರೆ ಲೋಹದ ಪ್ಯಾಡ್ ಆ ಮೆದು ರೋಟರನ್ನೇ ತಿನ್ನುತ್ತದೆ. ಪ್ಯಾಡಿನ ಜೊತೆ ರೋಟರನ್ನೂ ಬದಲಿಸಬೇಕು. ಶಿಮಾನೊ ರೋಟರುಗಳನ್ನು 1.5 ಮಿ.ಮೀ.ಗೆ ಸವೆದಾಗ ಬದಲಿಸಬೇಕೆಂದು ಕಂಪನಿಯೇ ಹೇಳುತ್ತದೆ, ಹೊಸದು 1.8 ಮಿ.ಮೀ. ಇರುತ್ತದೆ. ಪ್ಯಾಡಿನ ತಗಡಿನ ಮೇಲೆ ಉಜ್ಜುವ ಪದಾರ್ಥ 0.5 ಮಿ.ಮೀ. ಉಳಿದಾಗ ಅದರ ಆಯುಷ್ಯ ಮುಗಿಯಿತು.

ಎಣ್ಣೆಯ ಬಗ್ಗೆ ಒಂದು ಮಾತು, ಇದನ್ನು ಕಡೆಗಣಿಸಬೇಡಿ. ಶಿಮಾನೊ, ಟೆಕ್ಟ್ರೊ ಹೈಡ್ರಾಲಿಕ್ ಬ್ರೇಕುಗಳು ಮಿನರಲ್ ಆಯಿಲ್ ಬಳಸುತ್ತವೆ. ಸ್ರ್ಯಾಮ್‌ನ ಹಲವು ಮಾದರಿಗಳು ಡಾಟ್ 5.1. ಊರಿನ ಬೈಕ್ ಗ್ಯಾರೇಜಿನಲ್ಲಿ ಸಿಗುವುದು ಮೋಟಾರ್ ಸೈಕಲಿನ ಡಾಟ್ ಎಣ್ಣೆ. ಅದನ್ನು ಮಿನರಲ್ ಆಯಿಲ್ ಬ್ರೇಕಿಗೆ ಸುರಿದರೆ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಕೆಡುತ್ತವೆ, ಇಡೀ ಬ್ರೇಕ್ ಹೋಗುತ್ತದೆ. ಯಾವ ಎಣ್ಣೆ ಎಂಬುದು ಸಾಮಾನ್ಯವಾಗಿ ಲಿವರಿನ ಬಳಿಯೇ ಬರೆದಿರುತ್ತದೆ.

ಚಕ್ರ ನಿಂತಿತು, ಸೈಕಲ್ ಜಾರಿತು: ಟೈರು

ಮೊದಲು ಗಾಳಿ ನೋಡಿ, ಟೈರು ಆಮೇಲೆ. ಪೆಟ್ರೋಲ್ ಬಂಕಿನಲ್ಲಿ ಕಲ್ಲಿನಷ್ಟು ಗಟ್ಟಿ ಗಾಳಿ ತುಂಬಿಸಿಕೊಂಡು ಬಂದು ಕೆಸರಿನಲ್ಲಿ ಜಾರುವವರೇ ಹೆಚ್ಚು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ದೊಡ್ಡ ಸಂಖ್ಯೆ ಗರಿಷ್ಠ ಮಿತಿ, ಅಷ್ಟು ತುಂಬಿ ಎಂಬ ಸಲಹೆಯಲ್ಲ. 70 ಕೆ.ಜಿ.ಯ ಸವಾರ, 2.2 ಇಂಚಿನ ಟೈರು, ಒಳಗೆ ಟ್ಯೂಬ್ ಇದ್ದರೆ 30 ಪಿಎಸ್‌ಐ ಆಸುಪಾಸಿನಿಂದ ಶುರು ಮಾಡಿ. ಹಿಂದೆ ಎರಡು ಮೂರು ಹೆಚ್ಚಿರಲಿ. ಬೇರಿನ ಮೇಲೆ, ಕಲ್ಲಿನ ಮೇಲೆ ರಿಮ್ ಬಡಿದ ಸದ್ದು ಕೇಳಿದರೆ ತೀರ ಕಡಿಮೆಯಾಯಿತು. ಪಂಕ್ಚರ್ ಅಂಗಡಿಯವರು ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ಸೀಳು ತೋರಿಸಿದರೆ ಅದು ಮುಳ್ಳಲ್ಲ, ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬ್ ಸಿಕ್ಕಿಕೊಂಡ ಗುರುತು.

ಗಾಳಿ ಸರಿ ಇದ್ದೂ ಜಾರಿದರೆ, ಎಲ್ಲಿ ಜಾರಿತು ಎಂದು ನೋಡಿ. ತಿರುವಿನಲ್ಲಿ ಮುಂದಿನ ಚಕ್ರ ಜಾರಿದರೆ ಮುಂದಿನ ಟೈರಿನ ಅಂಚಿನ ಹಲ್ಲುಗಳು ಸವೆದಿವೆ ಅಥವಾ ಬುಡದಲ್ಲಿ ಹರಿದಿವೆ. ಏರಿನಲ್ಲಿ ಹಿಂದಿನ ಚಕ್ರ ಸುಮ್ಮನೆ ತಿರುಗಿದರೆ ಹಿಂದಿನ ಟೈರಿನ ನಡುವಿನ ಹಲ್ಲುಗಳು ಹೋಗಿವೆ. ಹಲ್ಲುಗಳು ಚೆನ್ನಾಗಿದ್ದೂ ಟೈರಿಗೆ ಕೆಂಪು ಮಣ್ಣು ಮೆತ್ತಿಕೊಂಡು ಹಲ್ಲೇ ಕಾಣದಂತಾದರೆ ಆ ವಿನ್ಯಾಸ ನಮ್ಮ ಜೇಡಿಗೆ ಹೇಳಿದ್ದಲ್ಲ. ಹಲ್ಲುಗಳ ನಡುವೆ ಹೆಚ್ಚು ಅಂತರ ಇರುವ, ತಿರುಗುವಾಗ ಮಣ್ಣನ್ನು ಉದುರಿಸುವ ಟೈರು ಬೇಕು. ಪಕ್ಕದಲ್ಲಿ ಉಬ್ಬು, ಒಳಗಿನ ನೂಲು ಹೊರಗೆ ಕಾಣುವುದು, ಆಳವಾದ ಬಿರುಕು ಇವುಗಳಲ್ಲಿ ಯಾವುದಿದ್ದರೂ ಹಲ್ಲು ನೋಡುವ ಅಗತ್ಯವೇ ಇಲ್ಲ, ಟೈರು ಮುಗಿದಿದೆ.

ಪಾಚಿ ಹಿಡಿದ ಕಲ್ಲು, ಸಿಲ್ವರ್ ಓಕ್ ಎಲೆ ಕೊಳೆತ ಡಾಂಬರು, ಒದ್ದೆ ಬೇರು: ಇಲ್ಲಿ ಯಾವ ಹಲ್ಲೂ ಇಳಿಯುವುದಿಲ್ಲ. ಮೆದು ರಬ್ಬರು, ಕಡಿಮೆ ಗಾಳಿ ಸ್ವಲ್ಪ ಸಹಾಯ ಮಾಡುತ್ತವೆ. ಉಳಿದದ್ದು ಅದರ ಮೇಲೆ ಬ್ರೇಕ್ ಹಾಕದಿರುವುದರಲ್ಲಿದೆ. ವೇಗವನ್ನು ಅದಕ್ಕೆ ಮುಂಚೆಯೇ ಇಳಿಸಬೇಕು.

ಅಳತೆಯಲ್ಲಿ ಮೋಸ ಹೋಗುವುದು ಸುಲಭ. ಟೈರಿನ ಪಕ್ಕದಲ್ಲಿ 57-584 ಎಂಬ ರೀತಿಯ ಸಂಖ್ಯೆ ಇರುತ್ತದೆ: ಮೊದಲನೆಯದು ಅಗಲ, ಎರಡನೆಯದು ಟೈರು ರಿಮ್ಮಿಗೆ ಕೂರುವ ವ್ಯಾಸ, ಎರಡೂ ಮಿ.ಮೀ. ಲೆಕ್ಕದಲ್ಲಿ. ಮೌಂಟನ್ ಬೈಕಿನ 26 ಇಂಚು ಎಂದರೆ 559, 27.5 ಎಂದರೆ 584, 29 ಎಂದರೆ 622. ಹಳೆಯ ಲೇಡೀಸ್ ಸೈಕಲಿನ 26 x 1 3/8 ಟೈರಿನ ವ್ಯಾಸ 590. ಅಂಗಡಿಯಲ್ಲಿ 26 ಕೊಡಿ ಎಂದಷ್ಟೇ ಕೇಳಿದರೆ ಅದೂ ಕೈಗೆ ಬರಬಹುದು, ರಿಮ್ಮಿಗೆ ಕೂರುವುದಿಲ್ಲ. ಹಳೆಯ ಟೈರಿನ ಮೂರಂಕಿಯನ್ನು ಬರೆದುಕೊಂಡು ಹೋಗಿ. ಅಗಲ ಹೆಚ್ಚಿಸುವ ಮನಸ್ಸಿದ್ದರೆ ಫ್ರೇಮಿಗೂ ಟೈರಿಗೂ ನಡುವೆ ಎರಡೂ ಬದಿ ಕನಿಷ್ಠ 6 ಮಿ.ಮೀ. ಉಳಿಯಲಿ. ಕೆಸರು ಅಲ್ಲಿ ಸಿಕ್ಕಿಕೊಂಡರೆ ಚಕ್ರವೇ ತಿರುಗುವುದಿಲ್ಲ, ಫ್ರೇಮಿನ ಬಣ್ಣವೂ ಹೋಗುತ್ತದೆ.

ಟ್ಯೂಬಿನ ವಾಲ್ವ್ ಮೋಟಾರ್ ಸೈಕಲಿನ ತರಹದ ದಪ್ಪನೆಯದೇ ಇರಲಿ, ಎಲ್ಲಿ ಬೇಕಾದರೂ ಗಾಳಿ ಸಿಗುತ್ತದೆ. ರಿಮ್ಮಿನಲ್ಲಿ ತೆಳು ವಾಲ್ವಿನ ರಂಧ್ರವಿದ್ದರೆ ಒಂದು ಪುಟ್ಟ ಹಿತ್ತಾಳೆ ಅಡಾಪ್ಟರ್ ಜೇಬಿನಲ್ಲಿರಲಿ. ಟ್ಯೂಬ್‌ಲೆಸ್ ಒಳ್ಳೆಯದೇ, ಲಂಟಾನದ ನಡುವೆ ಓಡಾಡುವವರಿಗೆ ಇನ್ನೂ ಒಳ್ಳೆಯದು. ಆದರೆ ರಿಮ್, ಟೈರು ಎರಡೂ ಅದಕ್ಕೆ ತಕ್ಕವಾಗಿರಬೇಕು, ತೂತು ಮುಚ್ಚುವ ಒಳಗಿನ ದ್ರವವನ್ನು (ಸೀಲೆಂಟ್) ಕೆಲವು ತಿಂಗಳಿಗೊಮ್ಮೆ ತುಂಬುತ್ತಿರಬೇಕು. ಆ ತಾಳ್ಮೆ ಇಲ್ಲದವರು ಟ್ಯೂಬಿನಲ್ಲೇ ಇರಿ.

ಒಂದೇ ಟೈರಿಗೆ ಹಣವಿದ್ದರೆ ಹೊಸದನ್ನು ಮುಂದೆ ಹಾಕಿ, ಮುಂದಿನದನ್ನು ಹಿಂದಕ್ಕೆ ತನ್ನಿ. ಹಿಂದಿನದು ಜಾರಿದರೆ ಸಾಮಾನ್ಯವಾಗಿ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ನೆಲವೇ ಗತಿ. ಪಕ್ಕದಲ್ಲಿ ಬಾಣದ ಗುರುತಿದ್ದರೆ ಚಕ್ರ ತಿರುಗುವ ದಿಕ್ಕಿಗೆ ಹೊಂದಿಸಿ.

ಹಾಕಿದ ಮೇಲೆ

ಹೊಸ ಪ್ಯಾಡ್ ಮತ್ತು ರೋಟರ್ ಮೊದಲ ದಿನವೇ ಪೂರ್ತಿ ಹಿಡಿಯುವುದಿಲ್ಲ, ಅದನ್ನು ದೋಷವೆಂದು ಬಗೆದು ಮತ್ತೆ ಅಂಗಡಿಗೆ ಓಡಬೇಡಿ. ಪ್ಯಾಡಿನ ತೆಳು ಪದರ ರೋಟರಿನ ಮೇಲೆ ಸಮವಾಗಿ ಕೂರಬೇಕು. ಒಣ ರಸ್ತೆಯಲ್ಲಿ ಸಾಧಾರಣ ವೇಗಕ್ಕೆ ಬಂದು, ನಡಿಗೆಯ ವೇಗಕ್ಕೆ ಇಳಿಯುವವರೆಗೆ ಒಂದೇ ಬ್ರೇಕನ್ನು ಒಂದೇ ಸಮ ಒತ್ತಿ. ಚಕ್ರ ಲಾಕ್ ಆಗಬಾರದು, ಪೂರ್ತಿ ನಿಲ್ಲಲೂ ಬಾರದು. ಹೀಗೆ ಪ್ರತಿ ಬ್ರೇಕಿಗೂ ಇಪ್ಪತ್ತು ಸಲವಾದರೂ ಮಾಡಿ. ಸಂಪಾಜೆ ಘಾಟಿಯೋ ಮಾಕುಟ್ಟದ ಇಳಿಜಾರೋ ಆಮೇಲೆ. ಕೇಬಲ್ ಬ್ರೇಕ್ ಆದರೆ ಮೊದಲ ಕೆಲವು ಸವಾರಿಗಳಲ್ಲಿ ಔಟರ್ ತನ್ನ ಜಾಗದಲ್ಲಿ ಕೂತು ಕೇಬಲ್ ಸಡಿಲವಾಗುತ್ತದೆ. ಲಿವರಿನ ಬಳಿಯ ತಿರುಗುಣಿಯನ್ನು ಒಂದೆರಡು ಸುತ್ತು ಹೊರಕ್ಕೆ ತಿರುಗಿಸಿ ಬಿಗಿ ಮಾಡಿಕೊಂಡರೆ ಸಾಕು.